ಶಸ್ತ್ರಚಿಕಿತ್ಸೆಯ ನಂತರ ಮೂತ್ರದಲ್ಲಿ ಕೀವುಕಣ: ಆ್ಯಂಟಿಬಯಾಟಿಕ್ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿ 3 ವಾರಗಳಾದವು. ಜ್ವರವಿಲ್ಲ, ಊಟ ನಿದ್ರೆ ಸರಿಯಾಗಿವೆ. ಆದರೆ ಮೂತ್ರ ಪರೀಕ್ಷೆಯಲ್ಲಿ ಕೀವುಕಣಗಳು ಹೆಚ್ಚಾಗಿವೆ ಎಂದು ಬಂದಿದೆ. ಆ್ಯಂಟಿಬಯಾಟಿಕ್ ಆರಂಭಿಸಬೇಕೇ?

ಉತ್ತರ: ಆ ಒಂದು ಸಂಖ್ಯೆಯನ್ನು ನೋಡಿ ಆರಂಭಿಸುವುದು ಬೇಡ. ಮೂತ್ರನಾಳದ ಮೂಲಕ ಉಪಕರಣವನ್ನು ತೂರಿಸಿ ಪ್ರಾಸ್ಟೇಟನ್ನು ಕೆರೆದು ತೆಗೆದಾಗ ಒಳಗೆ ಹಸಿಗಾಯ ಉಳಿಯುತ್ತದೆ. ಅದು ಮಾಯುವ ಹಲವು ವಾರಗಳ ಕಾಲ ಬಿಳಿರಕ್ತಕಣಗಳು ಮೂತ್ರದೊಂದಿಗೆ ಬರುತ್ತಲೇ ಇರುತ್ತವೆ, ವರದಿಯಲ್ಲಿ ಕೀವುಕಣವೆಂದು ನಮೂದಾಗುವುದು ಇವೇ. ಕಲ್ಚರ್ ಪರೀಕ್ಷೆಯಲ್ಲಿ (ಮೂತ್ರದಲ್ಲಿನ ರೋಗಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಬೆಳೆದರೂ, ತೊಂದರೆಯ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಗರ್ಭಿಣಿಯರಿಗೆ ಮತ್ತು ಮೂತ್ರಮಾರ್ಗದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ ಮಾತ್ರ ಈ ಮಾತು ಅನ್ವಯಿಸದು.

ಚಳಿ ನಡುಕದೊಂದಿಗೆ ಜ್ವರ, ಪಕ್ಕೆಯಲ್ಲಿ ನೋವು, ವೃಷಣದ ಊತ, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ಮಂಕು, ಮೂತ್ರ ಕಟ್ಟಿಕೊಳ್ಳುವುದು, ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಯನ್ನು ದಯವಿಟ್ಟು ನುಂಗಿಸಬೇಡಿ. ಒಂದೆರಡು ಮಾತ್ರೆ ಒಳಗೆ ಹೋದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ರೋಗಾಣು ಯಾವುದೆಂಬ ಸುಳಿವೇ ತಪ್ಪಿಹೋಗಬಹುದು. ಕಲ್ಚರ್‌ಗೆ ಕೊಡುವಾಗ ಮೊದಲ ಧಾರೆಯನ್ನು ಬಿಟ್ಟು ನಡುವಿನ ಮೂತ್ರವನ್ನು, ಡಬ್ಬಿಯ ಅಂಚಿಗೆ ಕೈ ತಾಗದಂತೆ ಹಿಡಿದು ಕೂಡಲೇ ಪ್ರಯೋಗಾಲಯಕ್ಕೆ ತಲುಪಿಸಬೇಕು. ಕ್ಯಾಥೆಟರ್ (ಮೂತ್ರ ಹೊರಹರಿಸಲು ಇಟ್ಟ ನಳಿಕೆ) ಇದ್ದವರಲ್ಲಿ ಚೀಲದಲ್ಲಿ ನಿಂತ ಮೂತ್ರ ಇದಕ್ಕೆ ಒದಗುವುದಿಲ್ಲ. ನಳಿಕೆ 2 ವಾರಕ್ಕಿಂತ ಹಳೆಯದಾಗಿದ್ದರೆ ಅದನ್ನು ಬದಲಿಸಿ ಹೊಸದರಿಂದ ಮಾದರಿ ತೆಗೆಯುವುದು ಸರಿ, ಏಕೆಂದರೆ ಹಳೆಯ ನಳಿಕೆಯ ಒಳಗೋಡೆಗೆ ಲೋಳೆಯಂತೆ ಅಂಟಿಕೊಂಡ ಬ್ಯಾಕ್ಟೀರಿಯಾಗಳಿಗೆ ಔಷಧಿ ಸುಲಭವಾಗಿ ತಾಗುವುದಿಲ್ಲ.

ಕಲ್ಚರ್ ವರದಿಗೆ 2–3 ದಿನ ಬೇಕು. ಜ್ವರವಿದ್ದಾಗ ವೈದ್ಯರು ಅಷ್ಟು ಕಾಯದೆ, ಮಾದರಿ ತೆಗೆದ ಕೂಡಲೇ ಊಹೆಯ ಮೇಲೆ ಔಷಧಿ ಆರಂಭಿಸಿ, ವರದಿ ಬಂದ ಮೇಲೆ ಬದಲಿಸುತ್ತಾರೆ. ವರದಿಯಲ್ಲಿ ಔಷಧಿಯ ಮುಂದೆ 'ಎಸ್' (ಸೆನ್ಸಿಟಿವ್, ಅಂದರೆ ರೋಗಾಣು ಆ ಔಷಧಿಗೆ ಮಣಿಯುತ್ತದೆ) ಎಂದಿದ್ದ ಮಾತ್ರಕ್ಕೆ ಅದೇ ತಕ್ಕದ್ದೆಂದು ತಿಳಿಯಬಾರದು. ನೈಟ್ರೋಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧಿ, ಆದರೆ ಮೂತ್ರಪಿಂಡದ ಮತ್ತು ಪ್ರಾಸ್ಟೇಟಿನ ಅಂಗಾಂಶವನ್ನು ಸಾಕಷ್ಟು ತಲುಪದು. ಹಾಗಾಗಿ ಜ್ವರ ಬಂದವರಿಗೆ ಅದು ಸಲ್ಲದು. ಜೆಂಟಾಮೈಸಿನ್ ಚುಚ್ಚುಮದ್ದು ಕೊಡುವಾಗ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತಿಳಿಸುವ ರಕ್ತಪರೀಕ್ಷೆ) ನೋಡಿಕೊಳ್ಳಬೇಕಾಗುತ್ತದೆ.

ಕ್ಯಾಥೆಟರ್‌ನಿಂದಾದ ಸೋಂಕು ಬೇಗ ಹತೋಟಿಗೆ ಬಂದರೆ ಸಾಮಾನ್ಯವಾಗಿ 7 ದಿನ, ನಿಧಾನವಾದರೆ 10ರಿಂದ 14 ದಿನ ಚಿಕಿತ್ಸೆ ನಡೆಯುತ್ತದೆ; ಪ್ರಾಸ್ಟೇಟಿಗೇ ಸೋಂಕು ತಗುಲಿದ್ದರೆ ಇನ್ನೂ ಹೆಚ್ಚು. ಸರಿಯಾದ ಔಷಧಿ ನಡೆಯುತ್ತಿದ್ದರೂ 3 ದಿನಗಳಲ್ಲಿ ಜ್ವರ ಇಳಿಯದಿದ್ದರೆ, ಎಲ್ಲೋ ಕೀವು ಕಟ್ಟಿಕೊಂಡಿದೆಯೇ, ಮೂತ್ರದ ಹರಿವಿಗೆ ತಡೆಯಾಗಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕು. ತಡೆ ಇದ್ದಲ್ಲಿ ನಳಿಕೆಯಿಟ್ಟು ಮೂತ್ರಕ್ಕೆ ದಾರಿ ಬಿಡಿಸದ ಹೊರತು ಎಷ್ಟು ಬಲವಾದ ಔಷಧಿಯೂ ಕೆಲಸ ಮಾಡದು.