ಕಾಡುಹಂದಿ ತೋರಿಸಿದ ಊರು, ಹೂಳು ನುಂಗಿದ ಬಂದರು

ಹೊಸ ಊರು ಕಟ್ಟಲು ಏಜಿಯನ್ ಸಮುದ್ರ ದಾಟಿ ಬಂದ ಗ್ರೀಕರಿಗೆ ಒಂದು ವಿಚಿತ್ರ ಕಣಿ ಸಿಕ್ಕಿತ್ತಂತೆ: ‘ಜಾಗವನ್ನು ಮೀನು ತೋರಿಸುತ್ತದೆ, ಕಾಡುಹಂದಿ ಕರೆದೊಯ್ಯುತ್ತದೆ.’ ದಡದಲ್ಲಿ ಬೆಸ್ತರು ಮೀನು ಸುಡುತ್ತಿದ್ದಾಗ ಒಂದು ಮೀನು ಕೆಂಡದ ಸಮೇತ ಚಿಮ್ಮಿ ಒಣಹುಲ್ಲಿಗೆ ಬಿತ್ತು. ಬೆಂಕಿ ಹತ್ತಿದ ಪೊದೆಯಿಂದ ಹಂದಿಯೊಂದು ಎದ್ದು ಗುಡ್ಡದತ್ತ ಓಡಿತು. ಅದನ್ನು ಅಟ್ಟಿಸಿಕೊಂಡು ಹೋಗಿ ಹೊಡೆದುರುಳಿಸಿದ ಜಾಗದಲ್ಲಿ ಅಥೇನಾ ದೇವಿಯ ಗುಡಿ ಎದ್ದಿತು. ಎಫೆಸಸ್ ನಗರ ಹುಟ್ಟಿದ್ದು ಹೀಗೆ ಎಂಬುದು ಕಥೆ. ಅದರ ನಾಯಕ ಅಥೆನ್ಸಿನ ರಾಜ ಕೋಡ್ರಸ್‌ನ ಮಗ ಆಂಡ್ರೋಕ್ಲಸ್. ಎಫೆಸಸ್ಸಿನವರಿಗೆ ಅವನ ಮೇಲೆ ಎಷ್ಟು ಅಭಿಮಾನವೆಂದರೆ, ಸಾವಿರ ವರ್ಷ ಕಳೆದು ರೋಮನ್ನರ ಕಾಲ ಬಂದರೂ ಚಕ್ರವರ್ತಿ ಹೇಡ್ರಿಯನ್ ಹೆಸರಿನ ಗುಡಿಯ ಕಲ್ಲಿನಲ್ಲಿ ಅವನ ಹಂದಿಬೇಟೆಯನ್ನು ಕೆತ್ತಿಸಿದರು.

ಈಗ ಟರ್ಕಿಯಲ್ಲಿರುವ ಆ ಊರಿಗೆ ಹೋದವರಿಗೆ ಮೀನಿನ ಮಾತೇ ಅಸಂಬದ್ಧ ಎನಿಸೀತು. ರಂಗಮಂದಿರದಿಂದ ಬಂದರಿಗೆ ಇಳಿಯುವ ಅಮೃತಶಿಲೆಯ ಬೀದಿ ಸುಮಾರು 500 ಮೀಟರ್ ಸಾಗಿ, ಜೊಂಡು ಬೆಳೆದ ಜೌಗಿನ ಕಡೆ ಮುಗಿದುಹೋಗುತ್ತದೆ. ಸಮುದ್ರ ಇನ್ನೂ ಐದಾರು ಕಿಲೋಮೀಟರ್ ಆಚೆ.

ಆದರೆ ಭೂವಿಜ್ಞಾನಿಗಳು ಆ ಬಯಲಿನಲ್ಲಿ ಕೊಳವೆ ಇಳಿಸಿ ಮೇಲೆತ್ತಿದ ಮಣ್ಣಿನ ಕಂಬಗಳು ಕಥೆಯ ಪರವಾಗಿವೆ. ಮೇಲೆ ನದಿಯ ಮೆಕ್ಕಲು, ಅದರಡಿ ಉಪ್ಪುನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳಿರುವ ಕೆಸರು. ಹಿಮಯುಗ ಮುಗಿದು ಕಡಲು ಏರಿದಾಗ ಈ ಕಣಿವೆಯೇ ಕೊಲ್ಲಿಯಾಗಿತ್ತು. ಅಲೆಗಳು ಗುಡ್ಡದ ಬುಡಕ್ಕೇ ಬಡಿಯುತ್ತಿದ್ದವು. ಮೀನೂ ಹಂದಿಯೂ ಒಂದೇ ಕಡೆ ಸಿಗುವುದು ಸಹಜವೇ. ಮೀನು ಕೆಂಡ ಹೊತ್ತು ಹಾರಿದ್ದನ್ನು ಮಾತ್ರ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೊಲ್ಲಿಯನ್ನು ತುಂಬಿದ್ದು ಕೇಸ್ಟರ್ ನದಿ. ಮೇಲಿನ ಗುಡ್ಡಗಳಲ್ಲಿ ಕಾಡು ಕಡಿದು, ಉತ್ತು, ಕುರಿ ಮೇಯಿಸಿದಂತೆಲ್ಲ ಮಳೆಗೆ ಕೊಚ್ಚಿಬರುವ ಮಣ್ಣು ಹೆಚ್ಚಿತು. ಕ್ರಿ.ಪೂ. 2ನೇ ಶತಮಾನದಲ್ಲಿ ಆಗ ಎಫೆಸಸ್ ಆಳುತ್ತಿದ್ದ ಪೆರ್ಗಮನ್ ರಾಜ ಎರಡನೇ ಅಟಾಲಸ್‌ನ ಎಂಜಿನಿಯರುಗಳು ಇದಕ್ಕೊಂದು ಉಪಾಯ ಹೂಡಿದರು: ಬಾಯಿ ಕಿರಿದಾದರೆ ಬಂದರು ಆಳವಾಗುತ್ತದೆಂದು ಅಡ್ಡಲಾಗಿ ಒಡ್ಡು ಕಟ್ಟಿದರು. ಆದದ್ದು ತದ್ವಿರುದ್ಧ. ಅಲ್ಲಿಯವರೆಗೆ ಅಲೆಗಳ ಏರಿಳಿತ ಹೂಳನ್ನು ಹೊರಗೆ ಎಳೆದೊಯ್ಯುತ್ತಿತ್ತು, ಒಡ್ಡು ಅದನ್ನು ಒಳಗೇ ಹಿಡಿದಿಟ್ಟಿತು ಎನ್ನುತ್ತಾನೆ ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ.

ಕ್ರಿ.ಶ. 1ನೇ ಶತಮಾನದಲ್ಲಿ ಬರಿಯಾ ಸೊರಾನಸ್ ಎಂಬ ರೋಮನ್ ಅಧಿಕಾರಿ ಮುತುವರ್ಜಿಯಿಂದ ಬಂದರಿನ ಹೂಳೆತ್ತಿಸಿ ದಾರಿ ತೆರೆದ. ಈ ನಿಷ್ಠೆಯೇ ಚಕ್ರವರ್ತಿ ನೀರೋನ ಸಿಟ್ಟನ್ನು ಹೆಚ್ಚಿಸಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಶ. 66ರಲ್ಲಿ ಸೊರಾನಸ್‌ಗೆ ಮರಣದಂಡನೆಯಾಯಿತು. ಹೂಳು ಮತ್ತೆ ತುಂಬಿತು.