ಮಂಗಳೂರಿನ ಮೇಲೆ ಬಾಂಬ್ ಬಿದ್ದಿತ್ತೇ?

ಪ್ರಶ್ನೆ: ತೊಂಬತ್ತು ದಾಟಿದ ನನ್ನ ಅಜ್ಜಿ, ಯುದ್ಧದ ಕಾಲದಲ್ಲಿ ವಿಮಾನ ಬಂದು ಬಾಂಬ್ ಹಾಕುತ್ತದೆ ಎಂದು ಚಿಮಿಣಿ ದೀಪ ನಂದಿಸಿ ಕೂರುತ್ತಿದ್ದೆವು ಎನ್ನುತ್ತಾರೆ. ಮಂಗಳೂರಿನ ಮೇಲೆ ನಿಜಕ್ಕೂ ಬಾಂಬ್ ಬಿದ್ದಿತ್ತೇ?

ಇಲ್ಲ, ಬಿದ್ದಿರಲಿಲ್ಲ. ಆದರೆ ಅಜ್ಜಿಯ ಹೆದರಿಕೆ ಸುಳ್ಳಲ್ಲ.

ಎರಡನೇ ಮಹಾಯುದ್ಧದ ನಡುವೆ, 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಎರಗಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡದ ಸರದಿ. ಎಲ್ಲವೂ ವಿಮಾನವಾಹಕ ಹಡಗುಗಳಿಂದ ಎದ್ದು ಬಂದ ವಿಮಾನಗಳೇ. 9ರಂದು ಲಂಕೆಯ ಪೂರ್ವ ತೀರದ ಟ್ರಿಂಕೋಮಲಿಗೆ ಹೊಡೆದ ಮೇಲೆ ಆ ಹಡಗುಗಳು ತಿರುಗಿ ಹೋದವು. ನಮ್ಮ ಕಡೆಗೆ ಬರಬೇಕಿದ್ದರೆ ಲಂಕೆಯನ್ನು ಸುತ್ತಿ ಅರಬ್ಬಿ ಸಮುದ್ರಕ್ಕೆ ಬರಬೇಕಿತ್ತು. ಬಂದರೂ ಹೊಡೆಯಲು ಇಲ್ಲಿ ಏನಿತ್ತು? ಬಜ್ಪೆ ವಿಮಾನ ನಿಲ್ದಾಣ ಆದದ್ದು 1951ರಲ್ಲಿ, ಪಣಂಬೂರಿನ ಬಂದರು ಎಪ್ಪತ್ತರ ದಶಕದಲ್ಲಿ. ಆಗ ಇದ್ದದ್ದು ಹಳೆ ಬಂದರಿನ ಮಂಜಿಗಳು ಎಂಬ ಸರಕಿನ ಹಾಯಿದೋಣಿಗಳು, ಹೆಂಚಿನ ಕಾರ್ಖಾನೆಗಳು.

ಹೆದರಿಕೆ ಮಾತ್ರ ಮದ್ರಾಸಿನಿಂದ ರೈಲು ಹತ್ತಿ ಬಂತು. ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜಪಾನಿನ ಹಡಗುಗಳು ಬರುತ್ತಿವೆ ಎಂಬ ಸುದ್ದಿಗೆ ಆ ಏಪ್ರಿಲ್‌ನಲ್ಲಿ ಮದ್ರಾಸ್ ಬಿಟ್ಟು ಜನ ಹೊರಟರು, ಸರಕಾರಿ ಕಚೇರಿಗಳು ಒಳನಾಡಿಗೆ ಸರಿದವು. ಬಾಂಬ್ ಬಿದ್ದು ಪಂಜರ ಒಡೆದರೆ ಎಂದು ಮೃಗಾಲಯದ ಹುಲಿ, ಸಿಂಹಗಳಿಗೆ ಗುಂಡಿಕ್ಕಿದರು. ಅಲ್ಲಿನ ಹೋಟೆಲಿನಲ್ಲಿ ಮಾಣಿಯಾಗಿದ್ದ ನನ್ನ ಅಜ್ಜನ ಅಣ್ಣ ಆಗಲೇ ಊರಿಗೆ ಬಂದದ್ದು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಬಾಕಿ ಸಂಬಳದ ಬದಲು ಧಣಿ ಕೊಟ್ಟ ಕಾಫಿಪುಡಿ. ಆ ಪುಡಿ ಮುಗಿಯುವವರೆಗೆ ಜಗಲಿಯಲ್ಲಿ ದಿನವೂ ಜನ ಸೇರಿ ಮದ್ರಾಸಿನ ಸುದ್ದಿ ಕೇಳುತ್ತಿದ್ದರಂತೆ. ಇಂಥ ಜಗಲಿಗಳಿಂದಲೇ ದೀಪ ನಂದಿಸುವ ಮಾತು ಮನೆಮನೆಗೆ ಹೋಗಿರಬೇಕು.

ನಿಜವಾಗಿ ಬಾಂಬ್ ಬಿದ್ದ ಊರುಗಳನ್ನೇ ನಾವು ಮರೆತೆವಲ್ಲ ಎಂಬುದು ನನಗೆ ನೋವಿನ ವಿಷಯ. 1943ರ ಡಿಸೆಂಬರ್ 5ರಂದು ಹಾಡಹಗಲೇ ಕಲ್ಕತ್ತದ ಖಿದಿರ್‌ಪುರ ಹಡಗುಕಟ್ಟೆಯ ಮೇಲೆ ಬಾಂಬ್ ಬಿದ್ದು ನೂರಾರು ಜನ ಸತ್ತರು, ಹೆಚ್ಚಿನವರು ಕೂಲಿಗಳು. ಅದೇ ವರ್ಷ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ನುಂಗಿತ್ತು. ಅಷ್ಟೊಂದು ಸಾವುಗಳ ನಡುವೆ ಈ ಸಾವುಗಳಿಗೆ ಅಳುವವರೂ ಉಳಿಯಲಿಲ್ಲ. ಜಪಾನಿನಲ್ಲೂ ಹಾಗೆಯೇ. ಹಿರೋಶಿಮಾ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಐದು ತಿಂಗಳ ಮೊದಲು, 1945ರ ಮಾರ್ಚ್ 9-10ರ ರಾತ್ರಿ, ಟೋಕಿಯೊದಲ್ಲಿ ಬೆಂಕಿಬಾಂಬಿಗೆ ಸುಮಾರು 1 ಲಕ್ಷ ಜನ ಸತ್ತದ್ದು ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ಮಾತು. 1971ರ ಡಿಸೆಂಬರ್ ಯುದ್ಧದಲ್ಲಿ ಮುಂಬಯಿಯಲ್ಲೂ ದೀಪ ಆರಿಸಿ ಕೂರುತ್ತಿದ್ದರು. ನಿಮ್ಮ ಅಜ್ಜಿ ಆಗ ಅಲ್ಲಿದ್ದರೇ ಎಂದು ಕೇಳಿ, ಎರಡು ನೆನಪು ಕಲೆತಿರಬಹುದು. ಬಾಗಿಲು ಹಾಕಿ ಕೂತಾಗ ಸೆಕೆಯಿತ್ತೇ ಎಂದೂ ಕೇಳಿ. ಬೆವರಿ ನೀರಾಗಿದ್ದೆವು ಎಂದರೆ ಅದು 1942ರ ಏಪ್ರಿಲ್ ಇದ್ದೀತು.