ಎರಡು ಮುಳ್ಳುಗಳ ಸಾಕ್ಷಿ

ಕೆಸರಿನಲ್ಲಿ ಹೂತಿದ್ದ ಜೀಪನ್ನು ಅರ್ಧ ಗಂಟೆ ಹೆಣಗಾಡಿ ಎಬ್ಬಿಸಿ ಡಾಂಬರು ರಸ್ತೆಗೆ ತಂದಿದ್ದೀರಿ. ಆಕ್ಸಿಲರೇಟರ್ ತುಳಿದರೆ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ತಕ್ಷಣ ಸುತ್ತಲಿನವರ ತೀರ್ಪುಗಳು ಶುರುವಾಗುತ್ತವೆ: ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆ, ಟರ್ಬೊ ಕೈಕೊಟ್ಟಿದೆ, ಪಿಕಪ್ ಹೋಗಿದೆ. ನನಗೆ ರೇಗುವುದೇ ಇಲ್ಲಿ. ಎಂಜಿನ್ ಸೊರಗಿದ್ದರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಏರುವುದಕ್ಕೇ ತಿಣುಕಬೇಕಿತ್ತು. ಇಲ್ಲಿ ಅದು ಲಗಾಮು ಕಳಚಿದ ಕುದುರೆಯಂತೆ ಏರುತ್ತಿದೆ, ವೇಗದ ಮುಳ್ಳು ಅಲ್ಲೇ ನಿಂತಿದೆ.

ಈ ಎರಡು ಮುಳ್ಳುಗಳೇ ಸಾಕ್ಷಿ. ಒಂದು ಎಂಜಿನ್‌ನ ತಿರುಗುವಿಕೆಯನ್ನು ತೋರಿಸಿದರೆ, ಇನ್ನೊಂದು ಗೇರ್‌ಬಾಕ್ಸ್‌ನ ಆಚೆಗಿನದನ್ನು ತೋರಿಸುತ್ತದೆ. ಚಕ್ರಗಳು ಕೆಸರಿನಲ್ಲಿ ಸುಮ್ಮನೆ ಗಿರಕಿ ಹೊಡೆಯುವಾಗ ಎರಡೂ ಒಟ್ಟಿಗೆ ಏರುತ್ತವೆ. ಗೇರಿನಲ್ಲಿದ್ದು, ಕ್ಲಚ್ ಪೆಡಲಿನಿಂದ ಕಾಲು ತೆಗೆದಿದ್ದರೂ ಮೊದಲನೆಯದು ಒಂದೇ ಏರಿದರೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕುಳಿತು ಅವೆರಡನ್ನೂ ಬೆಸೆಯುವ ಕ್ಲಚ್ ಜಾರುತ್ತಿದೆ ಎಂದರ್ಥ. ಗೇರ್ ಬೀಳುವುದು ಕಷ್ಟವಾದರೆ ಅದು ಬೇರೆಯೇ ಕಾಯಿಲೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬುದು. ಎರಡನ್ನೂ ಒಂದೇ ಹೆಸರಿನಿಂದ ಕರೆದು ಮೆಕ್ಯಾನಿಕ್‌ನ ದಾರಿ ತಪ್ಪಿಸುವವರು ಬಹಳ.

ಆರೋಗ್ಯವಾಗಿರುವ ಕ್ಲಚ್, ಪೂರ್ತಿ ಕಚ್ಚಿದ ಮೇಲೆ, ಉಜ್ಜುವುದೇ ಇಲ್ಲ. ಎಂಜಿನ್ ತಿರುಗಿಸುವ ಫ್ಲೈವೀಲ್ ಮತ್ತು ಅದರತ್ತ ಒತ್ತುವ ಪ್ರೆಷರ್ ಪ್ಲೇಟಿನ ನಡುವೆ ಸಿಕ್ಕ ಕ್ಲಚ್ ಪ್ಲೇಟ್ ಅವುಗಳ ಜೊತೆಗೇ ತಿರುಗುತ್ತದೆ. ಸವೆತ, ಬಿಸಿ, ವಾಸನೆ ಎಲ್ಲವೂ ಜಾರುವ ಹೊತ್ತಿನವು. ಲೆಕ್ಕ ಹಾಕಿ ನೋಡಿ: 150 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಗುತ್ತಿರುವಾಗ ಎರಡು ಬದಿಗಳ ನಡುವೆ 1500 ಆರ್‌ಪಿಎಂ ವ್ಯತ್ಯಾಸವಿದ್ದರೆ, ಶಾಖವಾಗಿ ಪೋಲಾಗುವುದು 23 ಕಿಲೋವಾಟ್‌ಗೂ ಹೆಚ್ಚು. ಸಾವಿರ ವಾಟಿನ ಇಪ್ಪತ್ತಮೂರು ಇಸ್ತ್ರಿಪೆಟ್ಟಿಗೆಗಳನ್ನು ಊಟದ ತಟ್ಟೆಯಷ್ಟಗಲದ ಬಿಲ್ಲೆಯ ಮೇಲೆ ಇಟ್ಟ ಹಾಗೆ, ಅದೂ ಮುಚ್ಚಿದ ಡಬ್ಬಿಯೊಳಗೆ. ಹೂತ ಗಾಡಿಯನ್ನು ಹಾಫ್ ಕ್ಲಚ್‌ನಲ್ಲಿ ಹಿಂದೆ ಮುಂದೆ ತೂಗಿ ಎಬ್ಬಿಸುವಾಗ ನಡೆಯುವುದು ಇದೇ.

‘ಇನ್ನೂ ಅಗಲದ ಪ್ಲೇಟ್ ಹಾಕಿದ್ದರೆ ಹೆಚ್ಚು ಮೇಲ್ಮೈ ಸಿಕ್ಕಿ ಗಟ್ಟಿಯಾಗಿ ಹಿಡಿಯುತ್ತಿತ್ತು’ ಎನ್ನುವವರಿಗೆ 1699ರಲ್ಲೇ ಉತ್ತರ ಸಿಕ್ಕಿದೆ. ಕಿವಿ ಕೇಳಿಸದ ಫ್ರೆಂಚ್ ವಿಜ್ಞಾನಿ ಗಿಯೋಮ್ ಅಮೊಂತೋಂ, ಘರ್ಷಣೆ ಒತ್ತುವ ಬಲಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ತಾಗುವ ವಿಸ್ತೀರ್ಣಕ್ಕೆ ತಕ್ಕಂತೆ ಅಲ್ಲ ಎಂದಾಗ ಪ್ಯಾರಿಸ್ಸಿನ ವಿದ್ವಾಂಸರೇ ಅನುಮಾನಪಟ್ಟಿದ್ದರು. ಲಿಯೊನಾರ್ಡೊ ಡಾ ವಿಂಚಿ ಅದನ್ನು ಇನ್ನೂರು ವರ್ಷ ಮೊದಲೇ ಕಂಡು, ಪ್ರಕಟಿಸದೆ ಟಿಪ್ಪಣಿ ಪುಸ್ತಕಗಳಲ್ಲೇ ಬಿಟ್ಟಿದ್ದ. ಅಗಲದ ಪ್ಲೇಟಿಗೆ ಲಾಭವಿಲ್ಲವೆಂದಲ್ಲ. ಅದು ತ್ರಿಜ್ಯ ಹೆಚ್ಚುವುದರಿಂದ ಮತ್ತು ಬಿಸಿ ಹರಡಿಕೊಳ್ಳುವುದರಿಂದ ಸಿಗುವ ಲಾಭ.

ಪರೀಕ್ಷೆಗೆ ಬರೋಣ. ಖಾಲಿ ರಸ್ತೆಯಲ್ಲಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ, ಆ ಎರಡು ಮುಳ್ಳುಗಳನ್ನು ನೋಡಿ. ಮೊದಲ ಗೇರ್ ಏಕಾಗದು? ಮೊದಲ ಗೇರಿನ ಅನುಪಾತ ನಾಲ್ಕನೆಯದರ ನಾಲ್ಕು ಪಟ್ಟಿದ್ದರೆ, ವೇಗ ಹೆಚ್ಚಿಸುವ ಲೆಕ್ಕದಲ್ಲಿ ಗಾಡಿ ಎಂಜಿನ್‌ಗೆ ಹದಿನಾರರಲ್ಲಿ ಒಂದು ಪಾಲಿನಷ್ಟೇ ಭಾರವೆನಿಸುತ್ತದೆ. ನಾಲ್ಕಾರು ರಾಟೆ ಹಾಕಿ ಎತ್ತುವಾಗ ಹಗ್ಗವನ್ನು ಸಡಿಲವಾಗಿ ಹಿಡಿದರೂ ನಡೆದೀತು. ರಾಟೆಗಳಿಲ್ಲದೆ ಅದೇ ಭಾರ ಎತ್ತಿದರೆ ಹಗ್ಗ ಅಂಗೈ ಸುಟ್ಟುಕೊಂಡೇ ಜಾರುತ್ತದೆ. ಬಳಲಿದ ಕೈಯ ಗುಟ್ಟು ರಟ್ಟಾಗುವುದು ಆಗಲೇ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ಎಂದು ನೋಡುವುದೂ ಇದೆ; ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಮುಂದೆ ಯಾರೂ ನಿಂತಿರಬಾರದು. ಒಂದು ಸಲ ಸಾಕು. ಅನುಮಾನ ಪರಿಹಾರಕ್ಕೆಂದು ಐದು ಸಲ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಜಾರುತ್ತಿರುವುದು ಖಚಿತವಾದ ಮೇಲೂ ಪ್ಲೇಟ್ ಹೋಯಿತೆಂದು ತೀರ್ಮಾನಿಸಬೇಡಿ. ಹೊಳೆ ದಾಟುವಾಗ ಒಳಗೆ ನುಗ್ಗಿದ ನೀರಿನಿಂದ ಜಾರುತ್ತಿದ್ದರೆ ಕೆಲವು ಕಿಲೋಮೀಟರ್‌ಗಳಲ್ಲಿ ಒಣಗಿ ಸರಿಹೋಗುತ್ತದೆ. ಬಿಸಿಯಿಂದಾದರೆ ಗಾಡಿ ನಿಲ್ಲಿಸಿ ತಣಿಸಿದ ಮೇಲೆ ಹಿಡಿತ ಮರಳಬಹುದು. ಆದರೆ ಮಿತಿಮೀರಿ ಕಾದ ಪ್ಲೇಟಿನ ಅಂಟುರಾಳ ಮೇಲಕ್ಕೆ ಬಂದು, ಒರಟಾಗಿರಬೇಕಾದ ಮೈ ಸ್ಲೇಟಿನಂತೆ ಕಪ್ಪಾಗಿ ಹೊಳೆಯುತ್ತದೆ. ಫ್ಲೈವೀಲ್ ಮೇಲೆ ನೀಲಿ ಕಲೆಗಳು ಬೀಳುತ್ತವೆ. ಉಕ್ಕಿಗೆ ಆ ನೀಲಿ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇದು ತಣಿದರೂ ವಾಸಿಯಾಗದ ಗಾಯ. ಇನ್ನು ಪೆಡಲಿನ ಕೆಳಗಿನ ಕೇಬಲ್ ಅಥವಾ ಕ್ಲಚ್ ಬಿಡಿಸುವ ಫೋರ್ಕಿನಲ್ಲಿ ಒಣಗಿದ ಕೆಸರು ಕಚ್ಚಿಕೊಂಡು, ನೀವು ಕಾಲು ತೆಗೆದರೂ ಯಾರೋ ಅರ್ಧ ಒತ್ತಿ ಹಿಡಿದಂತೆ ಇರಬಹುದು. ಇದಕ್ಕೆ ನೀರು, ಬ್ರಷ್ಷು ಮತ್ತು ಸ್ವಲ್ಪ ತಾಳ್ಮೆ ಸಾಕು.

ದಿನದಿಂದ ದಿನಕ್ಕೆ ಹೆಚ್ಚುವ ಜಾರುವಿಕೆಗೆ ಎಣ್ಣೆ ಕಾರಣವಿರಬಹುದು. ಕ್ಲಚ್ ಗೂಡಿನ ತಳದ ಸಣ್ಣ ರಂಧ್ರದಲ್ಲಿ ಬೆರಳು ಆಡಿಸಿ ಮೂಸಿ ನೋಡಿ. ಗಂಧಕದ ಘಾಟು ಹೊಡೆದರೆ ಬಹುಮಟ್ಟಿಗೆ ಸೋರುತ್ತಿರುವುದು ಗೇರ್‌ಬಾಕ್ಸ್ ಮುಂದಿನ, ಎಣ್ಣೆ ತಡೆಯುವ ಸೀಲ್. ಕಪ್ಪಾಗಿ, ಸುಟ್ಟ ಎಂಜಿನ್ ಆಯಿಲ್ ವಾಸನೆ ಬಂದರೆ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಹಿಂದಿನ ಸೀಲ್. ಸೀಲ್ ಬಿಟ್ಟು ಪ್ಲೇಟ್ ಒಂದನ್ನೇ ಬದಲಿಸಿದರೆ ಹೊಸ ಪ್ಲೇಟೂ ಅದೇ ಎಣ್ಣೆ ಕುಡಿಯುತ್ತದೆ.